ಡಂಗುರ ಹೊಡೆಯದ ದಿನ

"ಅಜ್ಜಾರ, ಸೈರನ್ ಎಷ್ಟು ಗಂಟೆಗೆ ಕೂಗಸೋಣ್ರಿ?"

ಗುರುಗಳನ್ನು ಹೀಗೆ ಕೇಳಿದವನು ಕೊಟ್ರಬಸಪ್ಪ. ಮಠದ ಹಳೆಯ ಶಿಷ್ಯ, ಈಗ ಊರಿನ ಪುರಸಭೆಯ ಅಧ್ಯಕ್ಷ. ಗಡಿಯಲ್ಲಿ ಯುದ್ಧದ ಮಾತು ಎದ್ದಿತ್ತು. ವಿಮಾನ ದಾಳಿಯಾದರೆ ಜನ ಎಲ್ಲಿ ಅಡಗಬೇಕು, ದೀಪ ಹೇಗೆ ಆರಿಸಬೇಕು, ನಡೆಯಲಾಗದವರನ್ನು ಯಾರು ಎತ್ತಬೇಕು ಎಂಬುದನ್ನು ಪ್ರತಿ ಊರೂ ಒಮ್ಮೆ ಅಭ್ಯಾಸ ಮಾಡಿ ನೋಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಕೊಟ್ರಬಸಪ್ಪ ಆ ಅಭ್ಯಾಸಕ್ಕೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಲು ಹೊರಟಿದ್ದ. ಅದರ ಕರಡನ್ನು ಗುರುಗಳ ಮುಂದೆ ಹಿಡಿದ.

ಗುರುಗಳು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಸಾನ್ನಿಧ್ಯ ಅವರದೇ. ಅಧ್ಯಕ್ಷತೆ ಕೊಟ್ರಬಸಪ್ಪನದು. ಸೈರನ್ ಮೊಳಗುವ ಸಮಯದ ಜಾಗ ಮಾತ್ರ ಖಾಲಿ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಮಳೆ ಬಂದರೆ ಅಭ್ಯಾಸವನ್ನು ಸಮುದಾಯ ಭವನದಲ್ಲಿ ನಡೆಸಲಾಗುವುದು ಎಂದಿತ್ತು. ಕೊನೆಯಲ್ಲಿ ಲಘು ಉಪಾಹಾರವೂ ಇತ್ತು.

"ಜನಕ್ಕ ತ್ರಾಸ ಆಗಬಾರದ್ರಿ. ಮುಂಚೇನ ಗೊತ್ತಿದ್ರ ಎಲ್ಲಾರೂ ತಯಾರಾಗಿ ಬರ್ತಾರ," ಎಂದ ಕೊಟ್ರಬಸಪ್ಪ.

"ನಿಮ್ಮವ್ವ ಬರ್ತಾಳೇನು?" ಎಂದು ಗುರುಗಳು ಕೇಳಿದರು.

"ಇಲ್ರಿ. ಆಕಿಗೆ ಮೊಣಕಾಲು ಹಿಡಕೊಂಡಾವ, ಏಳಾಕ ಆಗಂಗಿಲ್ಲ. ಅವತ್ತು ಕಾರಿನಾಗ ಅಕ್ಕನ ಮನಿಗೆ ಕಳಿಸಿಬಿಡ್ತೀನಿ."

ಗುರುಗಳು ಕನ್ನಡಕ ತೆಗೆದಿಟ್ಟರು. "ಸೈರನ್ ಹೊತ್ತು ಆಮ್ಯಾಲ ಹೇಳ್ತೀನಿ. ಮೊದಲು ಒಂದು ಕತಿ ಕೇಳು," ಎಂದರು. ಅವರು ಹೇಳಿದ ಕತೆ ಇದು.

ಬೆಟ್ಟದ ಬುಡದಲ್ಲಿ ಒಂದು ಪೇಟೆ. ಬೆಟ್ಟದ ಮೇಲೆ ಅದರ ಕೋಟೆ. ಪೇಟೆಯ ಆಡಳಿತವನ್ನು ಒಬ್ಬ ಪಟ್ಟಣಶೆಟ್ಟಿ ನೋಡಿಕೊಳ್ಳುತ್ತಿದ್ದ. ಒಳ್ಳೆಯವನು, ಮೈಮುರಿದು ದುಡಿಯುವವನು. ಆದರೆ ಯಾರೂ ತನ್ನ ಮೇಲೆ ಮುನಿಸಿಕೊಳ್ಳಬಾರದು ಎಂಬ ಆಸೆ ಅವನಿಗೆ ಬಹಳ. ಊರು ನಡೆಸುವವನಿಗೆ ಇದಕ್ಕಿಂತ ಕೆಟ್ಟ ರೋಗ ಇನ್ನೊಂದಿಲ್ಲ.

ಹೊಳೆಯಾಚೆಯ ಊರುಗಳನ್ನು ಶತ್ರುವಿನ ಕುದುರೆ ದಂಡು ಸುಡುತ್ತಾ ಬರುತ್ತಿತ್ತು. ರಾಜನ ಸೈನ್ಯ ದೂರದಲ್ಲಿತ್ತು. ಅದು ಬಂದು ಮುಟ್ಟುವ ತನಕ ಆಯಾ ಊರಿನ ಜೀವಗಳನ್ನು ಆಯಾ ಊರೇ ಉಳಿಸಿಕೊಳ್ಳಬೇಕು ಎಂದು ರಾಜ ಹೇಳಿ ಕಳಿಸಿದ. ಪಟ್ಟಣಶೆಟ್ಟಿ ಕೂತು ಯೋಚಿಸಿ ಒಂದು ಯೋಜನೆ ಮಾಡಿದ. ಒಳ್ಳೆಯ ಯೋಜನೆ ಅದು, ಅದರಲ್ಲಿ ನಾನು ಕೊಂಕು ತೆಗೆಯುವುದಿಲ್ಲ. ಬುರುಜಿನ ಮೇಲೆ ಒಬ್ಬ ಕಾವಲುಗಾರನನ್ನು ಕೂರಿಸಿ ನಗಾರಿ ಕೊಟ್ಟ. ದೂರದಲ್ಲಿ ಧೂಳು ಎದ್ದದ್ದು ಕಂಡರೆ ಅವನು ನಗಾರಿ ಬಾರಿಸಬೇಕು. ಅದು ಕಿವಿಗೆ ಬಿದ್ದ ಕೂಡಲೇ ಜನ ಒಲೆ ಆರಿಸಿ, ದನಗಳ ಹಗ್ಗ ಕೊಯ್ದು, ಮಕ್ಕಳನ್ನು ಎತ್ತಿಕೊಂಡು ಬೆಟ್ಟ ಹತ್ತಬೇಕು. ಕೋಟೆಯ ಉಗ್ರಾಣದಲ್ಲಿ ಯಾವ ಓಣಿಯವರು ಎಲ್ಲಿ ಕೂರಬೇಕೆಂದು ಸುಣ್ಣದ ಗೆರೆ ಎಳೆಸಿದ. ನಡೆಯಲಾಗದವರನ್ನು ಹೊರಸಿನ ಮೇಲೆ ಹೊತ್ತೊಯ್ಯಲು ಓಣಿಗೆ ನಾಲ್ವರು ಗಟ್ಟಿಗರನ್ನು ಗೊತ್ತು ಮಾಡಿದ. ಧೂಳು ಕಂಡ ಮೇಲೆ ಕುದುರೆಗಳು ಪೇಟೆ ಮುಟ್ಟುವವರೆಗೆ ಸಿಗುವುದು ಒಂದು ಗಡಿಗೆ ಎಸರು ಕುದಿಯುವಷ್ಟು ಹೊತ್ತು. ಅಷ್ಟರೊಳಗೆ ಪೇಟೆ ಖಾಲಿಯಾಗಬೇಕು.

ಮೊದಲ ಅಭ್ಯಾಸದ ದಿನ ಅವನು ಯಾರಿಗೂ ಹೇಳದೆ ನಗಾರಿ ಬಾರಿಸಿದ. ಊರು ಅಲ್ಲೋಲಕಲ್ಲೋಲವಾಯಿತು. ಹಂಚಿನ ಮೇಲಿನ ರೊಟ್ಟಿಗಳು ಸುಟ್ಟು ಕರಕಲಾದವು. ಕುಂಬಾರನ ಗಡಿಗೆಗಳು ಕಾಲ್ತುಳಿತಕ್ಕೆ ಸಿಕ್ಕಿ ಚೂರಾದವು. ಅರ್ಧ ಗಡ್ಡ ಬೋಳಿಸಿಕೊಂಡವನು ಉಳಿದರ್ಧ ಹೊತ್ತುಕೊಂಡೇ ಬೆಟ್ಟ ಹತ್ತಿದ. ಒಂದು ಮನೆಯಲ್ಲಿ ಹೆಣ್ಣು ನೋಡಲು ಬಂದ ಬೀಗರು ಈ ಊರಿನ ಸಹವಾಸವೇ ಬೇಡ ಎಂದು ಎದ್ದು ಹೋದರು. ಸಂಜೆ ಊರಿಗೆ ಊರೇ ಪಟ್ಟಣಶೆಟ್ಟಿಯ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈಯಿತು. ಮುಂದಿನ ಸಲ ಮೊದಲೇ ಹೇಳಿ ಮಾಡಿ ಎಂದಿತು.

ಅವನಿಗೆ ಆ ಬೈಗುಳ ತಡೆಯಲಾಗಲಿಲ್ಲ. ಅಂದಿನಿಂದ ಅಭ್ಯಾಸದ ಹಿಂದಿನ ಸಂಜೆ ಓಣಿ ಓಣಿಯಲ್ಲಿ ಡಂಗುರ ಹೊಡೆಸತೊಡಗಿದ.

ಡಂಗುರ ಶುರುವಾದ ಮೇಲೆ ಅಭ್ಯಾಸ ನೋಡಲು ಎರಡು ಕಣ್ಣು ಸಾಲದಾಯಿತು. ಹೆಂಗಸರು ಬೆಳಿಗ್ಗೆ ಬೇಗ ಎದ್ದು ರೊಟ್ಟಿ ಕಟ್ಟಿಕೊಳ್ಳುತ್ತಿದ್ದರು. ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದರು. ಬಿಸಿಲು ಏರುವ ಮುಂಚೆ ಹೋಗಿಬಿಡೋಣ ಎಂದು ಜನ ಮೊದಲೇ ಬೆಟ್ಟ ಹತ್ತಿ ಗೆರೆಯೊಳಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ರಾಜನ ಅಧಿಕಾರಿ ಒಬ್ಬ ಪರೀಕ್ಷೆಗೆ ಬಂದ. ಅವನು ಚಪ್ಪರದ ಕೆಳಗೆ ಆಸನದಲ್ಲಿ ಕೂತ ಮೇಲೆ ನಗಾರಿ ಬಾರಿಸಿದರು. ಪಟ್ಟಣಶೆಟ್ಟಿ ಎದೆ ತುಂಬಿ "ದಂಡು ಬಂತು! ದಂಡು ಬಂತು!" ಎಂದು ಕೂಗಿದ. ಕೊನೆಯ ಗುಂಪೊಂದು ಸಾಲು ತಪ್ಪದೆ ಒಳಗೆ ಬಂತು. ಅಧಿಕಾರಿ ಮೆಚ್ಚಿ ಪಟ್ಟಣಶೆಟ್ಟಿಗೆ ಶಾಲು ಹೊದಿಸಿದ.

ಪಟ್ಟಣಶೆಟ್ಟಿಗೆ ಒಬ್ಬ ತಾಯಿ ಇದ್ದಳು. ಕಾಲು ಬಿದ್ದು ಹೋಗಿ ಹಾಸಿಗೆ ಹಿಡಿದಿದ್ದಳು. ಪ್ರತಿ ಸಲ ನಾಲ್ವರು ಬಂದು ಅವಳನ್ನು ಹೊರಸಿನ ಮೇಲೆ ಹೊತ್ತು ತರುತ್ತಿದ್ದರು. ಮಗ ರುಮಾಲು ಕಟ್ಟಿಕೊಂಡು ಮುಂದೆ ನಡೆಯುತ್ತಿದ್ದ. ಶಾಲು ಹೊದಿಸಿದ ದಿನ ಅವಳು ಮಗನನ್ನು ಹತ್ತಿರ ಕರೆದಳು.

"ಮಗಾ, ಎಲ್ಲಾರೂ ಬಂದು ಕುಂತಾದ ಮ್ಯಾಲ ನಗಾರಿ ಬಾರಸ್ತೀರಲ್ಲ, ಅದು ಯಾರನ್ನ ಕರ್ಯಾಕ?"

"ಅದು ಪದ್ಧತಿ, ಅವ್ವಾ," ಎಂದ ಮಗ. ಅವಳ ಕಂಬಳಿ ಸರಿಮಾಡಿ ಅಧಿಕಾರಿಯ ಊಟ ನೋಡಲು ಹೋದ.

ಆಮೇಲೆ ಒಂದು ಸಂತೆಯ ದಿನ ಬಂತು. ಪೇಟೆ ತುಂಬಿತ್ತು. ಮಧ್ಯಾಹ್ನದ ಹೊತ್ತಿಗೆ ಬುರುಜಿನ ಮೇಲೆ ನಗಾರಿ ಮೊಳಗಿತು.

ಜನ ಒಮ್ಮೆ ತಲೆ ಎತ್ತಿದರು. ನಿನ್ನೆ ಡಂಗುರ ಹೊಡೆದಿರಲಿಲ್ಲ. ಆದ್ದರಿಂದ ಇದು ತಮಗಲ್ಲ ಎಂದು ತಲೆ ತಗ್ಗಿಸಿದರು. ಕಾವಲುಗಾರ ಇನ್ನೂ ಜೋರಾಗಿ ಬಾರಿಸಿದ. ನಗಾರಿಗೆ ಹೊಸ ಚರ್ಮ ಕಟ್ಟಿಸಿರಬೇಕು, ಹದ ನೋಡುತ್ತಿದ್ದಾರೆ ಎಂದು ಒಬ್ಬ ಹೇಳಿದ. ಚರ್ಮ ಒಳ್ಳೆಯದೇ ಸಿಕ್ಕಿದೆ ಎಂದು ಇನ್ನೊಬ್ಬ ಮೆಚ್ಚಿಕೊಂಡ.

ಪಟ್ಟಣಶೆಟ್ಟಿ ಬರಿಗಾಲಲ್ಲಿ ಸಂತೆಗೆ ಓಡಿ ಬಂದ. "ದಂಡು ಬಂತು!" ಎಂದು ಗಂಟಲು ಹರಿಯುವಂತೆ ಕೂಗಿದ. ಆ ಕೂಗನ್ನು ಜನ ಎಷ್ಟೋ ಸಲ ಕೇಳಿದ್ದರು. ಕೆಲವರು ನಕ್ಕರು. ಒಬ್ಬ ಬಟ್ಟೆ ವ್ಯಾಪಾರಿ ಮೊಳ ಹಾಕುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟು ಮರ್ಯಾದೆಯಿಂದ ಕೈ ಮುಗಿದ.

"ಇವತ್ತು ಸಂತಿ ಐತ್ರಿ, ಯಜಮಾನ್ರ. ಸಂಜಿಗೆ ಡಂಗುರ ಹೊಡಸ್ರಿ. ನಾಳೆ ಮನಿಮಂದಿ ಎಲ್ಲಾ ಕರಕೊಂಡು ಬರ್ತೀನಿ."

ಪಟ್ಟಣಶೆಟ್ಟಿ ಯಾರ ಮೇಲೆ ಸಿಟ್ಟು ಮಾಡುವುದು? ಅವರಿಗೆ ಹಾಗೆ ಕಲಿಸಿದವನು ಅವನೇ. ಅವನ ಓಣಿಯ ನಾಲ್ವರು ಗಟ್ಟಿಗರೂ ಅಲ್ಲೇ ಸಂತೆಯಲ್ಲಿ ನಿಂತು ಮೆಣಸಿನಕಾಯಿ ತೂಗಿಸುತ್ತಿದ್ದರು. ಆಗ ಅವನಿಗೆ ತಾಯಿಯ ನೆನಪಾಯಿತು. ಮನೆಗೆ ಓಡಿದ.

ಊರಿನ ಪ್ರತಿಯೊಬ್ಬ ಮುದುಕ, ಪ್ರತಿಯೊಬ್ಬ ಮುದುಕಿ ಉಗ್ರಾಣದಲ್ಲಿ ಎಲ್ಲಿ ಕೂರಬೇಕೆಂದು ಅವನಿಗೆ ಬಾಯಿಪಾಠವಾಗಿತ್ತು. ಹೆತ್ತ ತಾಯಿಯನ್ನು ಎಲ್ಲಿ ಹಿಡಿದು ಎತ್ತಬೇಕೆಂದು ಗೊತ್ತಿರಲಿಲ್ಲ. ಕಂಕುಳಿಗೆ ಕೈ ಹಾಕಿ ಎಳೆದ. ಅವಳು ನೋವಿನಿಂದ ಚೀರಿದಳು. ಎರಡು ಕೈಯಲ್ಲಿ ಎತ್ತಿಕೊಳ್ಳಲು ಹೋದ. ಇಬ್ಬರೂ ಹೊಸ್ತಿಲ ಬಳಿ ಬಿದ್ದರು. ಪಟ್ಟಣಶೆಟ್ಟಿ ಅಲ್ಲೇ ಕೂತು ಅತ್ತುಬಿಟ್ಟ. ಅತ್ತದ್ದು ಭಯಕ್ಕಲ್ಲ, ನಾಚಿಕೆಗೆ.

"ಅಳಬ್ಯಾಡ," ಎಂದಳು ತಾಯಿ. "ಬೆನ್ನು ತೋರಸು. ಉಪ್ಪಿನಮೂಟಿ ಮಾಡು. ನೀ ಸಣ್ಣಾಂವ ಇದ್ದಾಗ ನಾ ನಿನ್ನ ಹಂಗ ಹೊತ್ತು ತಿರಗೀನಿ."

ಅವನು ಬೆನ್ನು ಬಗ್ಗಿಸಿದ. ಅವಳು ಕೊರಳಿಗೆ ಕೈ ಹಾಕಿದಳು. ಎದ್ದು ನಿಂತ. ಕೋಟೆಗೆ ಹೋಗುವ ದಾರಿ ಸಂತೆಯ ನಡುವೆಯೇ ಇತ್ತು.

ಸಂತೆಯ ಜನ ನೋಡಿದರು. ಪಟ್ಟಣಶೆಟ್ಟಿಯ ತಲೆಯ ಮೇಲೆ ರುಮಾಲು ಇರಲಿಲ್ಲ. ಪಂಚೆ ಹರಿದಿತ್ತು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಬೆನ್ನ ಮೇಲೆ ತಾಯಿ ಇದ್ದಳು. ಅವನು ಯಾರನ್ನೂ ಕರೆಯಲಿಲ್ಲ. ಕರೆಯಲು ಅವನಲ್ಲಿ ಉಸಿರು ಉಳಿದಿರಲಿಲ್ಲ. ಇಷ್ಟು ಅಭ್ಯಾಸಗಳಲ್ಲಿ ಜನ ಎಲ್ಲವನ್ನೂ ನೋಡಿದ್ದರು, ಇದೊಂದನ್ನು ನೋಡಿರಲಿಲ್ಲ. ಮೆಣಸಿನಕಾಯಿ ಮಾರುವವಳು ತಕ್ಕಡಿ ಎಸೆದು ಮಗುವನ್ನು ಬಾಚಿಕೊಂಡಳು. ಅವಳ ಹಿಂದೆ ಇಡೀ ಸಂತೆ ಎದ್ದಿತು.

ಎದ್ದ ಮೇಲೆ ಯಾರೂ ಯಾರಿಗೂ ದಾರಿ ಹೇಳಬೇಕಾಗಲಿಲ್ಲ. ಅಭ್ಯಾಸ ಮಾಡಿದ ಕಾಲುಗಳು ಅವು. ಒಲೆಗಳು ಆರಿದವು, ಹಗ್ಗಗಳು ತುಂಡಾದವು, ಯಾವ ಓಣಿಗೂ ಇನ್ನೊಂದು ಓಣಿ ಅಡ್ಡ ಬರಲಿಲ್ಲ. ನಾಲ್ವರು ಗಟ್ಟಿಗರು ಓಡಿ ಬಂದು ತಾಯಿಯನ್ನು ಇಳಿಸಿಕೊಳ್ಳಲು ಕೈ ಚಾಚಿದರು. ಪಟ್ಟಣಶೆಟ್ಟಿ ಬೇಡವೆಂದು ತಲೆ ಆಡಿಸಿ, ಓಣಿಯಲ್ಲಿ ಇನ್ನೂ ಹಾಸಿಗೆ ಹಿಡಿದವರಿದ್ದಾರೆ ಎಂದು ಗದ್ದದಿಂದಲೇ ಅತ್ತ ತೋರಿಸಿದ. ಅವರು ಅತ್ತ ಓಡಿದರು. ಆ ಯೋಜನೆ ಒಳ್ಳೆಯದು ಎಂದು ನಾನು ಮೊದಲೇ ಹೇಳಿದ್ದೆ.

ಬಟ್ಟೆ ವ್ಯಾಪಾರಿ ಮಾತ್ರ ಅಂಗಡಿಯ ಬಾಗಿಲು ಹಾಕಿ ಬರುತ್ತೇನೆ ಎಂದು ನಿಂತ. ಅವನು ಬರಲಿಲ್ಲ. ಉಳಿದವರೆಲ್ಲ ಒಳಗಾದ ಮೇಲೆ ಕೋಟೆಯ ಬಾಗಿಲು ಮುಚ್ಚಿತು. ಶತ್ರುಗಳು ಪೇಟೆಯನ್ನು ಸುಟ್ಟರು, ಬೆಟ್ಟವನ್ನು ಸುಡಲಾಗಲಿಲ್ಲ. ರಾಜನ ಸೈನ್ಯ ಬರುವ ಸುದ್ದಿ ತಿಳಿದು ಹೊಳೆ ದಾಟಿ ಹೋದರು. ಜನ ಇಳಿದು ಬಂದು ಬಟ್ಟೆ ವ್ಯಾಪಾರಿಯನ್ನು ಮಣ್ಣು ಮಾಡಿದರು. ಪಟ್ಟಣಶೆಟ್ಟಿ ತನಗೆ ಹೊದಿಸಿದ್ದ ಶಾಲನ್ನು ಅವನ ಮೇಲೆ ಹೊದಿಸಿದ.

ಮನೆಗಳು ಮತ್ತೆ ಎದ್ದವು. ಒಲೆಗಳು ಮತ್ತೆ ಹೊತ್ತಿದವು. ಜನ ಸ್ವಲ್ಪ ನಿರಾಳವಾದರು ಎನ್ನುವಾಗ, ಒಂದು ದಿನ ಬೆಳಿಗ್ಗೆ ಯಾರಿಗೂ ಹೇಳದೆ ಪಟ್ಟಣಶೆಟ್ಟಿ ನಗಾರಿ ಬಾರಿಸಿದ. ರೊಟ್ಟಿಗಳು ಸುಟ್ಟವು. ಕುಂಬಾರನ ಗಡಿಗೆಗಳು ಒಡೆದವು. ಆದರೆ ಎಸರು ಕುದಿಯುವುದರೊಳಗೆ ಪೇಟೆ ಖಾಲಿಯಾಯಿತು. ಪಟ್ಟಣಶೆಟ್ಟಿ ಎಲ್ಲರ ಜೊತೆ ತಾಯಿಯನ್ನು ಉಪ್ಪಿನಮೂಟೆ ಮಾಡಿ ಬೆಟ್ಟ ಹತ್ತಿದ. ನೀನು ಹೋದ ಸಲಕ್ಕಿಂತ ಚೆನ್ನಾಗಿ ಹಿಡಿದುಕೊಂಡೆ ಎಂದು ತಾಯಿ ಹೇಳಿದಳು. ಸಂಜೆ ಊರು ಅವನ ಬಾಗಿಲಲ್ಲಿ ನಿಂತು ಹಿಂದಿನಂತೆಯೇ ಬೈಯಿತು. ಅವನು ಹೊಸ್ತಿಲ ಮೇಲೆ ಕೂತು ಒಂದೂ ಬಿಡದೆ ಕೇಳಿಸಿಕೊಂಡ. ಬೈಯುವ ಗಂಟಲು ಒಂದೂ ಕಡಿಮೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದ.

ಕತೆ ಮುಗಿಯಿತು. ಕೊಟ್ರಬಸಪ್ಪ ಕರಡನ್ನು ಮಡಚಿ ಜೇಬಿಗೆ ಹಾಕಿಕೊಂಡ. "ತಿಳೀತ್ರಿ ಅಜ್ಜಾರ. ಪತ್ರಿಕಿ ಬ್ಯಾಡ, ಪೆಂಡಾಲ್ ಬ್ಯಾಡ. ಯಾರಿಗೂ ಹೇಳಲಾರದ ಕೂಗಸ್ತೀನಿ," ಎಂದ. ಎದ್ದು ನಮಸ್ಕಾರ ಮಾಡಿದ. ಎಲ್ಲ ಅರ್ಥವಾಯಿತು ಎಂಬ ಧೈರ್ಯ ಅವನ ಮುಖದಲ್ಲಿತ್ತು.

ಅವನು ಬಾಗಿಲ ತನಕ ಹೋದ ಮೇಲೆ ಗುರುಗಳು ಕೇಳಿದರು:

"ಕೊಟ್ರಬಸಪ್ಪಾ, ನಿಮ್ಮವ್ವ ಎಷ್ಟು ಭಾರ ಅದಾಳ?"