ಮುದ್ದ ತೆಗೆದ ಕೆಂಪಿಯ ಫೋಟೋ

ಕೇಳ್ರಪ್ಪ, ಈರಮ್ಮ ಅಂತ ಒಬ್ಬಳಿದ್ದಳು. ಅವಳ ಗಂಡ ಫೋಟೋ ತೆಗೆಯುವವನು. ಅವನು ಹೋದ ಮೇಲೆ ಉಳಿದದ್ದು ಒಂದು ಕ್ಯಾಮೆರಾ, ಅರಮನೆ ಬರೆದ ಒಂದು ಪರದೆ, ಮಗಳು ಕೆಂಪಿ, ಮಗ ಮುದ್ದ. ಮುದ್ದ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಈರಮ್ಮನ ತಲೆನೋವು.

ಕೆಂಪಿಗೆ ಒಳ್ಳೇ ಕಡೆಯಿಂದ ಸಂಬಂಧ ಬಂತು. ಗಂಡಿನವರು ಮೊದಲು ಫೋಟೋ ಕಳಿಸಿ ಅಂದರು. ಈರಮ್ಮ ಮಗನ ಕೈಗೆ ಕ್ಯಾಮೆರಾ ಕೊಟ್ಟು, "ಹೋಗಪ್ಪ, ತಂಗೀದು ಒಂದು ತೆಗಿ" ಅಂದಳು.

ಮುದ್ದ ಹೋಗಿ ಬಾವಿಕಟ್ಟೆಯ ಹತ್ತಿರ ನಿಂತು ತೆಗೆದ. ತೊಳೆದು ನೋಡಿದರೆ ಹುಣಸೇಮರ ಇದೆ, ಎಮ್ಮೆಯ ಹಿಂಭಾಗ ಇದೆ, ಕೆಂಪಿ ಎಳ್ಳುಕಾಳಿನಷ್ಟು ಇದ್ದಾಳೆ.

"ಎಮ್ಮೆಗೆ ಗಂಡು ಹುಡುಕ್ತಿದ್ದೀವೇನೋ? ಹತ್ತಿರ ಹೋಗಬೇಕು. ಹತ್ತಿರ ಹೋದಷ್ಟೂ ಚೆನ್ನ ಅಂತಿದ್ದರು ನಿಮ್ಮಪ್ಪ."

"ಆಗಲಮ್ಮ."

ಹತ್ತಿರ ಹೋದ. ಇನ್ನೂ ಹತ್ತಿರ ಹೋದ. ಕ್ಯಾಮೆರಾ ಕೆಂಪಿಯ ಮೂಗಿಗೆ ಬಡಿದ ಮೇಲೆ ನಿಂತ. ಫೋಟೋ ತುಂಬ ಒಂದು ಮೂಗಿನ ಹೊಳ್ಳೆ, ಒಂದು ಮೂಗುಬೊಟ್ಟು.

"ಇದನ್ನ ಕಳಿಸಿದರೆ, ಮೂಗು ಒಪ್ಪಿಗೆ, ಉಳಿದದ್ದನ್ನ ಆಮೇಲೆ ಕಳಿಸಿ ಅಂತಾರೆ. ನಾಲ್ಕು ಮಾರು ದೂರ ನಿಲ್ಲು. ಅವಳನ್ನ ನಟ್ಟನಡುವೆ ಗೂಟದ ಹಾಗೆ ನಿಲ್ಲಿಸಬೇಡ, ಪಕ್ಕಕ್ಕೆ ನಿಲ್ಲಿಸು. ಅವಳ ಮುಂದೆ ಒಂದಿಷ್ಟು ಜಾಗ ಬಿಡು."

"ಆಗಲಮ್ಮ."

ಪರದೆ ಕಟ್ಟಿದ. ಪಕ್ಕಕ್ಕೆ ಸರಿ ಅಂದ, ಇನ್ನೂ ಸರಿ ಅಂದ. ಕೆಂಪಿ ಸರಿದು ಸರಿದು ಬಾಗಿಲಾಚೆ ಹೋದಳು. ಫೋಟೋದಲ್ಲಿ ಅರಮನೆ ಖಾಲಿ, ಅಂಚಿನಲ್ಲಿ ಒಂದು ಮೊಣಕೈ.

"ಹುಡುಗಿ ಎಲ್ಲೋ?"

"ಜಾಗ ಬಿಟ್ಟಿದ್ದೀನಲ್ಲಮ್ಮ, ನೋಡು ಎಷ್ಟಿದೆ."

ಈರಮ್ಮ ಹಣೆ ಹಣೆ ಚಚ್ಚಿಕೊಂಡಳು. "ಫಿಲಂ ಇನ್ನೊಂದೇ ಇರೋದು ಕಣೋ. ಮುಖ ಕಾಣಬೇಕು. ಮುಖ ಬಿಟ್ಟು ಬೇರೆ ಯಾವುದರ ಮೇಲೆ ಕಣ್ಣು ಹೋದರೂ ಅದನ್ನ ತೆಗೆದುಬಿಡು."

"ಆಗಲಮ್ಮ."

ಮುದ್ದ ನೋಡಿದ. ಕಣ್ಣು ಅರಮನೆಯ ಮೇಲೆ ಹೋಯಿತು. ಪರದೆ ಬಿಚ್ಚಿ ಮಡಿಸಿಟ್ಟ. ಹೂದಾನಿಯ ಮೇಲೆ ಹೋಯಿತು. ಎತ್ತಿಟ್ಟ. ಕೆಂಪಿಯ ಕೊರಳಲ್ಲಿ ಪಕ್ಕದ ಮನೆಯ ಪುಟ್ಟತಾಯಮ್ಮನಿಂದ ಎರವಲು ತಂದ ಸರ ಇತ್ತು. ಬಿಚ್ಚಿಸಿ, ಕೊಟ್ಟು ಬಂದ. ಬೆಕ್ಕು ಬಂತು. ಅದನ್ನೂ ಹೊತ್ತುಕೊಂಡು ಹೋಗಿ ಬಿಟ್ಟು ಬಂದ. ಕೆಂಪಿ ಬೋಳು ಗೋಡೆಯ ಮುಂದೆ ನಿಂತು, "ಅಣ್ಣಾ, ನನ್ನನ್ನ ಯಾವಾಗ ಎತ್ತಿಡ್ತೀಯಾ?" ಅಂತ ನಕ್ಕುಬಿಟ್ಟಳು. ಕ್ಲಿಕ್ ಅಂತು.

ಈರಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅರಮನೆ ಇಲ್ಲ, ಸರ ಇಲ್ಲ, ಹುಡುಗಿ ಹಲ್ಲು ಬಿಟ್ಟಿದ್ದಾಳೆ. ಬೇರೆ ದಾರಿಯಿಲ್ಲದೆ ಅದನ್ನೇ ಕಳಿಸಿದಳು. ಎಂಟು ದಿನ ಅಂಚೆಯವನ ದಾರಿ ಕಾದಳು.

ಒಂಬತ್ತನೇ ದಿನ ಕಾಗದ ಬಂತು. "ಆರು ಹುಡುಗಿಯರ ಫೋಟೋ ಬಂದವು. ಐದರಲ್ಲಿ ಅರಮನೆ, ಹೂದಾನಿ, ಒಡವೆ ನೋಡಿದೆವು. ಹುಡುಗಿ ಕಂಡದ್ದು ನಿಮ್ಮದರಲ್ಲಿ ಮಾತ್ರ. ಬುಧವಾರ ಬರುತ್ತೇವೆ."

ಈರಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಹೊಸ ಫಿಲಂ ತರಿಸಿದಳು.

"ಮುದ್ದಾ, ಬುಧವಾರ ಅವರದ್ದೂ ತೆಗಿ. ಕ್ಯಾಮೆರಾ ಕಂಡರೆ ಜನ ಸೆಟೆದು ನಿಲ್ತಾರೆ. ನೀನಿದ್ದೀಯ ಅನ್ನೋದನ್ನ ಅವರು ಮರೀಬೇಕು. ಅಲ್ಲೀತನಕ ಕಾಯಿ."

"ಆಗಲಮ್ಮ."

ಬುಧವಾರ ಗಂಡಿನವರು ಬಂದರು. ಮುದ್ದ ಅಟ್ಟ ಹತ್ತಿ ಉಪ್ಪಿನಕಾಯಿ ಜಾಡಿಗಳ ಹಿಂದೆ ಕೂತ. ಉಪ್ಪಿಟ್ಟು ತಿಂದರು, ಮಾತಾಡಿದರು, ಒಪ್ಪಿಕೊಂಡರು, ತಾಂಬೂಲ ತಗೊಂಡರು. ಸಂಜೆ ಬಸ್ಸು ಹೋದ ಮೇಲೆ ಅಟ್ಟದಿಂದ ಒಂದು ದನಿ.

"ಅಮ್ಮಾ, ಮರೆತರಾ?"

"ಮರೆತರು ಕಣಪ್ಪ, ಮರೆತು ಊರೂ ಸೇರಿರ್ತಾರೆ." ಈರಮ್ಮನಿಗೆ ಬೈಯಲು ಹೋಗಿ ನಗು ಬಂತು. "ನೀನು ಅಲ್ಲಿ ಕೂತದ್ದಕ್ಕೇ ಎಲ್ಲ ಸಲೀಸಾಗಿ ಆಯ್ತು. ಮದುವೆ ದಿನಾನೂ ಮೇಲೇ ಇದ್ದುಬಿಡು ಮಾರಾಯ."

"ಆಗಲಮ್ಮ."

ಮದುವೆಯ ಚಪ್ಪರದಲ್ಲಿ ಅಟ್ಟ ಎಲ್ಲಿಂದ ಬರಬೇಕು? ಮುದ್ದ ಚಪ್ಪರದ ಮೇಲೇ ಹತ್ತಿ, ಗರಿ ಸರಿಸಿ, ಮೇಲಿಂದಲೇ ತೆಗೆದ. ಅವನು ಅಲ್ಲಿರುವುದು ಗೊತ್ತಿದ್ದದ್ದು ಕೆಂಪಿ ಒಬ್ಬಳಿಗೇ.

ಆ ಫೋಟೋ ಈಗಲೂ ಕೆಂಪಿಯ ಮನೆಯ ಗೋಡೆಯ ಮೇಲಿದೆ. ಬೈತಲೆಗಳು, ಬೋಳುತಲೆಗಳು, ಪುರೋಹಿತರ ಜುಟ್ಟು. ಒಂದು ಪಕ್ಕದಲ್ಲಿ ಕತ್ತೆತ್ತಿ ನಗುತ್ತಿರುವ ಒಂದೇ ಒಂದು ಮುಖ. ಗಂಡು ಯಾರಮ್ಮ ಅಂತ ಬಂದವರು ಕೇಳಿದರೆ, ಕೆಂಪಿ ಒಂದು ಪೇಟದ ಮೇಲೆ ಬೆರಳಿಡುತ್ತಾಳೆ.