ಮೊದಲ ಬುಟ್ಟಿ ಧಣಿಯದು

ಕಟ್ಟಡದ ಸಾರುವೆಗೆ ಹಿಡಿದುಕೊಳ್ಳಲು ಅಡ್ಡ ಬಿದಿರು ಕಟ್ಟದೆ ಯಾರನ್ನೂ ಹತ್ತಿಸಬೇಡಿ ಎಂದು ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಹೇಳಿ ಹೋಗಿದ್ದರು. ಕಂಟ್ರಾಕ್ಟರ್ ವೀರಭದ್ರಗೌಡರು ಕಿವಿಗೇ ಹಾಕಿಕೊಳ್ಳಲಿಲ್ಲ.

"ಇವತ್ತ ಸ್ಲ್ಯಾಬ್ ಬೀಳಬೇಕು. ಅಂಜೋರು ಮನಿಗೆ ಹೋಗ್ರಿ" ಎಂದು ಗುಡುಗಿದರು. ಮೇಸ್ತ್ರಿ ನಿಂಗರಾಜ ಕಾಂಕ್ರೀಟ್ ಕಲಸಿಸಲು ಹೊರಟ.

ಕಾಂಕ್ರೀಟ್ ಹೊರುವ ಹುಲಿಗೆಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಆಗಲ್ರಿ ಧಣಿ. ಆದ್ರ ಮೊದಲ ಬುಟ್ಟಿ ನಿಮ್ಮ ಕೈಲೇ ಬೀಳಬೇಕ್ರಿ. ಪದ್ಧತಿ ಬಿಡಾಕ ಬರೂದಿಲ್ಲ."

ಗೌಡರ ಎದೆ ಉಬ್ಬಿತು. ಕುಂಕುಮ ಹಚ್ಚಿದ ಬುಟ್ಟಿ ಹೊತ್ತು ಸಾರುವೆ ಹತ್ತಿದರು. ಮೇಲಿನ ಹಲಗೆಗೆ ಕಾಲಿಟ್ಟಿದ್ದೇ ತಡ, ಅದು ತೂಗಿತು. ಗೌಡರು ಬುಟ್ಟಿ ಇಳಿಸಿ ಕಂಬ ತಬ್ಬಿಕೊಂಡರು.

"ಹಿಡ್ಕೊಳ್ಳಾಕ ಏನರ ಕಟ್ರೋ."

"ಹೊತ್ತು ಹಿಡೀತೈತ್ರಿ. ಸ್ಲ್ಯಾಬ್ ತಡ ಆಗತೈತಿ" ಎಂದಳು ಹುಲಿಗೆಮ್ಮ ಕೆಳಗಿನಿಂದ.

"ಹಾಳಾಗಲಿ ಸ್ಲ್ಯಾಬ್. ಮೊದಲು ಕಟ್ರಿ."

ತಿಂಗಳಿಂದ ನಿಂಗರಾಜ ಗೋಗರೆದರೂ ಸಿಗದ ಬಿದಿರು, ಹಗ್ಗ ಗಳಿಗೆಯಲ್ಲಿ ಗೋಡೌನಿನಿಂದ ಹೊರಬಿದ್ದವು. ಅವನು ಹುಲಿಗೆಮ್ಮನನ್ನು ದೇವರನ್ನು ನೋಡಿದ ಹಾಗೆ ನೋಡುತ್ತ ನಿಂತ.

ಮುಂದಿನ ಮಹಡಿಯ ಸ್ಲ್ಯಾಬಿನ ದಿನ ಗೌಡರು ಬಂದವರೇ ಅಡ್ಡ ಬಿದಿರು ಅಲ್ಲಾಡಿಸಿ ನೋಡಿದರು.

"ಗಟ್ಟಿ ಐತ್ರಿ" ಎಂದಳು ಹುಲಿಗೆಮ್ಮ, ಬುಟ್ಟಿಗೆ ಕುಂಕುಮ ಹಚ್ಚುತ್ತ.

ಗೌಡರು ಬುಟ್ಟಿ ನೋಡಿದರು, ಮೇಲೆ ನೋಡಿದರು. ನಿಂಗರಾಜನನ್ನು ಪಕ್ಕಕ್ಕೆ ಕರೆದರು.

"ಸೊಂಟಕ್ಕ ಕಟ್ಟೋ ಬೆಲ್ಟ್ ತರಸು. ಎಲ್ಲಾರಿಗೂ ತರಸು. ನಾನೊಬ್ಬನ ಕಟ್ಕೊಂಡ್ರ ನಗ್ತಾರ."