ಗ್ರಂಥವೂ ಕಾದಂಬರಿಯೂ ಕೆರೆಯ ರಾಣಿಯೂ

ಮಂದಾಕಿನಿಯವರ ಕಪಾಟಿಗೆ ಒಂದೇ ದಿನ ಎರಡು ಹೊಸ ಪುಸ್ತಕಗಳು ಬಂದವು. ಒಂದು ಶಾಸನಗಳ ಬಗ್ಗೆ ಬರೆದ ದಪ್ಪನೆಯ ಸಂಶೋಧನಾ ಗ್ರಂಥ, ಇನ್ನೊಂದು ಕೆರೆ ಕಟ್ಟಿಸಿದ ರಾಣಿಯೊಬ್ಬಳ ಕಾದಂಬರಿ.

ಪಕ್ಕದಲ್ಲಿ ಕೂತ ಕಾದಂಬರಿಯನ್ನು ಕಂಡು ಗ್ರಂಥ ಮುಖ ಸಿಂಡರಿಸಿತು. "ಸ್ವಲ್ಪ ಸರಿದು ಕೂರಮ್ಮ. ಆಧಾರವಿಲ್ಲದ ಒಂದು ಮಾತೂ ನನ್ನಲ್ಲಿಲ್ಲ. ನಿನ್ನಲ್ಲಿರುವುದೆಲ್ಲ ಕಟ್ಟುಕತೆ. ಇಲ್ಲಿ ಜಾಗವೂ ಕಡಿಮೆ, ನೀನು ಅಟ್ಟ ಸೇರುವುದೇ ಒಳ್ಳೆಯದು."

"ಇರಬಹುದು ಹಿರಿಯರೇ. ಆದರೆ ಅಮ್ಮನವರು ಮೊದಲು ಕೈಗೆತ್ತಿಕೊಳ್ಳುವುದು ನನ್ನನ್ನೇ" ಎಂದಿತು ಕಾದಂಬರಿ.

ಹಾಗೆಯೇ ಆಯಿತು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯದಂತೆ ಮಂದಾಕಿನಿ ಓದಿದರು. ರಾಣಿ ಸತ್ತಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಗ್ರಂಥಕ್ಕೆ ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಅವರು, "ಇವಳು ನಿಜವಾಗಿಯೂ ಇದ್ದಳೇ?" ಎನ್ನುತ್ತ ಬಂದು ಗ್ರಂಥವನ್ನೇ ತೆರೆದರು. ಗ್ರಂಥ ಹಿಗ್ಗಿತು. ಅಂಥ ರಾಣಿ ಇರಲಿಲ್ಲವೆಂದು ತಿಳಿದರೆ ತನಗೆ ಅಟ್ಟವೇ ಗತಿಯೆಂದು ಕಾದಂಬರಿ ಹೆದರಿತು.

ಅದರಲ್ಲಿ ಆ ಕೆರೆಯ ಶಾಸನದ ವಿವರ ಸಿಕ್ಕಿತು. "ಕಟ್ಟಿಸಿದವಳು ಅರಸನ ಕಿರಿಯ ರಾಣಿ. ಕಲ್ಲು ಒಡೆದಿರುವುದರಿಂದ ಹೆಸರು ತಿಳಿಯದು" ಎಂದಷ್ಟೇ ಅಲ್ಲಿತ್ತು.

"ಇದ್ದಳು!" ಎಂದು ಮಂದಾಕಿನಿ ನಕ್ಕು, ಎರಡನ್ನೂ ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟು ಒಳಗೆ ಹೋದರು.



"ಹಿರಿಯರೇ, ನಾನು ಹುಟ್ಟಿದ್ದೇ ಆ ಒಡೆದ ಕಲ್ಲಿನಿಂದ" ಎಂದಿತು ಕಾದಂಬರಿ.

ಗ್ರಂಥ ಗಂಟಲು ಸರಿಮಾಡಿಕೊಂಡು, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ವಿಚಾರಿಸಿತು:

"ನೀನು ಅವಳಿಗೆ ಏನು ಹೆಸರಿಟ್ಟೆಯಮ್ಮ?"